ಕಂಬಿ ಎಲ್ಲಿ ಹೋಯ್ತು? ಝೂ ಹುಲಿ-ಸಿಂಹಗಳ ಫೋಟೊ ಹಿಂದಿನ ಹಿಸ್ಟರಿ

(1/9)

ನಿಮ್ಮ ಫೋನ್ ಗ್ಯಾಲರಿ ಸ್ವಲ್ಪ ತೆಗೀರಿ. ಮೈಸೂರು ಝೂಗೋ ಬನ್ನೇರುಘಟ್ಟಕ್ಕೋ ಹೋದಾಗ ತೆಗೆದ ಹುಲಿ ಫೋಟೊ ಒಂದಾದ್ರೂ ಇದ್ದೇ ಇರುತ್ತೆ. ಸ್ಕೂಲ್ ಟ್ರಿಪ್ಪಿಂದಾದ್ರೂ ಪರವಾಗಿಲ್ಲ. ಈಗ ಹುಲಿ ಬಿಟ್ಟು ಅದರಲ್ಲಿ ಬೇರೆ ಏನು ಕಾಣ್ತಿದೆ ನೋಡಿ. ಕಂಬಿ? ಕಂದಕ? ನೀರಿನ ತೊಟ್ಟಿ? ಮುಂದೆ ನಿಂತಿದ್ದ ಅಂಕಲ್ ತಲೆ? ಯಾವುದೂ ಇರಲ್ಲ. ಎಲ್ಲಾ ಕ್ರಾಪ್ ಆಗಿರುತ್ತೆ. ಕೆಳಗೆ ಕ್ಯಾಪ್ಷನ್ ಮಾತ್ರ 'ಕಾಡಿನ ರಾಜ' ಅಂತ.

ನಮ್ಮ ಕ್ಲಾಸಿನ ಅರ್ಧ ಜನರ ಪ್ರೊಫೈಲಲ್ಲಿ ಇಂಥ ಫೋಟೊ ಇದೆ, ಹೆಸರು ಹೇಳಲ್ಲ, ಭಯ ಬೇಡ.

ಈ ಸಲದ ಸರಣಿ ಆ ಕ್ರಾಪ್ ಬಗ್ಗೆ. ಕ್ಯಾಮೆರಾ ಹುಟ್ಟಿದಾಗಿನಿಂದ ಹುಲಿ, ಸಿಂಹದ ಫೋಟೊಗಳಿಂದ ಬೋನು ಹೇಗೆ ಸ್ವಲ್ಪ ಸ್ವಲ್ಪವೇ ಮಾಯವಾಯ್ತು, ಅದನ್ನ ಮಾಯ ಮಾಡಿದವರು ಯಾರು, ಅದರಿಂದ ಯಾರಿಗೆ ದುಡ್ಡು ಬಂತು, ಯಾರ ಜೀವ ಹೋಯ್ತು. ಒಂಬತ್ತು ಪೋಸ್ಟ್ ಇದೆ. ಉದ್ದ ಅನ್ನಿಸಿದ್ರೆ ಸೇವ್ ಮಾಡಿಟ್ಕೊಂಡು ಬಸ್ಸಲ್ಲಿ ಓದಿ.

(2/9)

ಮೊದಲು 1850ರ ದಶಕಕ್ಕೆ ಹೋಗೋಣ. ಆಗ ಫೋಟೊ ತೆಗೆಯೋದು ಅಂದ್ರೆ ಅರ್ಧ ಅಡುಗೆ, ಅರ್ಧ ಓಟ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಅನ್ನೋರು ಗಾಜಿನ ಮೇಲೆ ಫೋಟೊ ತೆಗೆಯೋ ಹೊಸ ವಿಧಾನ ಪ್ರಕಟಿಸಿದ್ರು. ಗಾಜಿನ ಪ್ಲೇಟಿಗೆ ಕೊಲೋಡಿಯನ್ ಅನ್ನೋ ಅಂಟಂಟು ದ್ರವ ಸುರಿಯಬೇಕು. ಅದನ್ನ ಬೆಳ್ಳಿಯ ದ್ರಾವಣದಲ್ಲಿ ಅದ್ದಬೇಕು. ಒದ್ದೆ ಇರುವಾಗಲೇ ಕ್ಯಾಮೆರಾದೊಳಗಿಟ್ಟು ಫೋಟೊ ತೆಗೆದು, ಒಣಗೋ ಮೊದಲೇ ಕತ್ತಲೆ ಗುಡಾರಕ್ಕೆ ಓಡಿ ತೊಳೆಯಬೇಕು. ಒಟ್ಟು ಹತ್ತು ಹದಿನೈದು ನಿಮಿಷದ ಆಟ. ಅದಕ್ಕಿಂತ ದೊಡ್ಡ ತಲೆನೋವು ಬೇರೆ ಇತ್ತು. ಲೆನ್ಸಿನ ಮುಚ್ಚಳ ತೆಗೆದ ಮೇಲೆ ಕೆಲವು ಸೆಕೆಂಡು ಎದುರಿಗಿದ್ದವರು ಅಲುಗಾಡಬಾರದು. ಮನುಷ್ಯರನ್ನಾದ್ರೆ ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದೆ ಕಬ್ಬಿಣದ ಆಸರೆ ಕೊಟ್ಟು ನಿಲ್ಲಿಸ್ತಿದ್ರು. ಹುಲಿಗೆ 'ಸ್ವಲ್ಪ ಹಾಗೇ ಇರಪ್ಪಾ' ಅಂತ ಹೇಳೋರು ಯಾರು?

ಅದಕ್ಕೇ ಲಂಡನ್ ಝೂನ ಹಳೇ ಫೋಟೊಗಳಲ್ಲಿ ತುಂಬಾ ಹೆಸರು ಮಾಡಿದ್ದು ಹುಲಿಯದ್ದಲ್ಲ, ಒಂದು ನೀರಾನೆಯದ್ದು. ಹೆಸರು ಒಬೇಶ್. 1852ರಲ್ಲಿ ಸ್ಪೇನಿನ ರಾಜಮನೆತನದ ಮೊಂತಿಜೋನ್ ಅನ್ನೋ ಕೌಂಟ್ ತೆಗೆದದ್ದು. ಫೋಟೊ ಚೆನ್ನಾಗಿ ಬರೋಕೆ ಕಾರಣ ಸಿಂಪಲ್, ಅದು ಮಲಗಿತ್ತು. ಈ ಫೋಟೊ ಹುಡುಕಿ ನೋಡಿ. ಕಂಬಿಗಳು ಸ್ಪಷ್ಟವಾಗಿ ಕಾಣುತ್ತೆ. ಆದ್ರೆ ಕಂಬಿಯ ಹಿಂದೆ ಇರೋರು ಜನ! ಕ್ಯಾಮೆರಾ ಪ್ರಾಣಿಯ ಕಡೆ ಇದೆ, ಅದನ್ನ ನೋಡೋಕೆ ಬಂದವರು ಆಚೆ ಕಡೆ ಸಾಲಾಗಿ ನಿಂತಿದ್ದಾರೆ. ನನಗಂತೂ ಈ ಪಟ ನೋಡಿದಾಗೆಲ್ಲ ಬೋನಿನಲ್ಲಿರೋರು ಯಾರು ಅಂತ ಒಂದು ಕ್ಷಣ ಕನ್‌ಫ್ಯೂಸ್ ಆಗುತ್ತೆ.

1860ರ ದಶಕದಲ್ಲಿ ಫ್ರ್ಯಾಂಕ್ ಹೇಸ್ ಅನ್ನೋ ಫೋಟೊಗ್ರಾಫರ್ ಅದೇ ಝೂನಲ್ಲಿ ಪ್ರಾಣಿಗಳ ಜೋಡಿ-ಚಿತ್ರಗಳನ್ನ ತೆಗೆದ್ರು. ಎರಡು ಕಣ್ಣಿಗೆ ಎರಡು ಫೋಟೊ, ಒಂದು ಪೆಟ್ಟಿಗೆಯೊಳಗಿಟ್ಟು ನೋಡಿದ್ರೆ ಆಳ ಕಾಣೋ ಥರದ್ದು, ಅಂದ್ರೆ ಆಗಿನ ಕಾಲದ ತ್ರೀಡಿ. ದೊಡ್ಡ ಬೆಕ್ಕುಗಳ ವಿಷಯದಲ್ಲಿ ಆ ಕಾಲದವರ ಕಷ್ಟ ನೀವೇ ಊಹಿಸಿ. ಬೋನು ಇಕ್ಕಟ್ಟು, ಮೇಲೆ ಚಾವಣಿ, ಒಳಗೆ ಕತ್ತಲೆ. ಒಳಗಿರೋ ಪ್ರಾಣಿ ಆ ಕಡೆಯಿಂದ ಈ ಕಡೆಗೆ ನಡೀತಾನೇ ಇರುತ್ತೆ. ನಡೆದ ಹುಲಿ ಪ್ಲೇಟಿನ ಮೇಲೆ ಬರೀ ಮಸುಕು ಗೆರೆ. ಅಲುಗಾಡದೆ ನಿಂತು ಚೆನ್ನಾಗಿ ಮೂಡೋದು ಕಂಬಿ ಮಾತ್ರ.

ಅಂದ್ರೆ ಶುರುವಿನಲ್ಲಿ ಪರಿಸ್ಥಿತಿ ಉಲ್ಟಾ ಇತ್ತು. ಕ್ಯಾಮೆರಾಗೆ ಬೋನು ಸುಲಭ, ಹುಲಿ ಕಷ್ಟ.

(3/9)

ಆಮೇಲೆ ಎರಡು ವಿಷಯ ಬದಲಾಯ್ತು. ಮೊದಲನೆಯದು ಒಣ ಪ್ಲೇಟು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಅನ್ನೋ ಇಂಗ್ಲಿಷ್ ಡಾಕ್ಟರ್ ಜಿಲೆಟಿನ್ ಬಳಸಿ ಒಣಗಿದ ಮೇಲೂ ಕೆಲಸ ಮಾಡೋ ಪ್ಲೇಟಿನ ಐಡಿಯಾ ಕೊಟ್ರು. ಆ ದಶಕ ಮುಗಿಯೋ ಹೊತ್ತಿಗೆ ಫ್ಯಾಕ್ಟರಿಯಲ್ಲಿ ತಯಾರಾದ ಪ್ಲೇಟು ಅಂಗಡಿಯಲ್ಲೇ ಸಿಗ್ತಿತ್ತು. ಸೆಕೆಂಡುಗಟ್ಟಲೆ ಕಾಯೋದು ತಪ್ಪಿ, ಸೆಕೆಂಡಿನ ಸಣ್ಣ ಭಾಗ ಸಾಕಾಯ್ತು.

ಎರಡನೆಯದು, ಅಲುಗಾಡೋದನ್ನೇ ಹಿಡಿಯೋ ಆಸೆ. ಎಡ್ವರ್ಡ್ ಮೈಬ್ರಿಜ್ ಹೆಸರು ಕೇಳಿರ್ತೀರಿ, ಓಡೋ ಕುದುರೆಯ ಫೋಟೊ ತೆಗೆದವರು. ಅವರು 1880ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ ಕೆಲಸ ಮಾಡ್ತಾ ಫಿಲಡೆಲ್ಫಿಯಾ ಝೂಗೂ ಕ್ಯಾಮೆರಾ ಹೊತ್ಕೊಂಡು ಹೋದ್ರು. 1887ರಲ್ಲಿ ಪ್ರಕಟವಾದ ಅವರ ದೊಡ್ಡ ಸಂಗ್ರಹದಲ್ಲಿ 781 ಪ್ಲೇಟುಗಳು. ಅದರಲ್ಲಿ ಸಿಂಹ ನಡೆಯೋದೂ ಇದೆ, ಹೆಜ್ಜೆ ಹೆಜ್ಜೆಯಾಗಿ.

1896ರಲ್ಲಿ ಸಿನಿಮಾನೇ ಬಂತು. ಫ್ರಾನ್ಸಿನ ಲೂಮಿಯೇರ್ ಕಂಪನಿಯ ಕ್ಯಾಮೆರಾಮನ್ ಅಲೆಕ್ಸಾಂಡರ್ ಪ್ರೋಮಿಯೋ ಲಂಡನ್ ಝೂನಲ್ಲಿ ಒಂದು ಸಿಂಹವನ್ನ ಚಿತ್ರೀಕರಿಸಿದ್ರು. ಒಂದು ನಿಮಿಷವೂ ಇಲ್ಲ, ಈಗಿನ ರೀಲ್ ಅಷ್ಟೇ ಉದ್ದ. ಸಿಂಹ ಕಂಬಿಗೆ ಅಂಟಿಕೊಂಡ ಹಾಗೆ ನಿಂತಿದೆ, ಪಕ್ಕದಲ್ಲಿ ಪಾಲಕ ಅದಕ್ಕೆ ತಿನ್ನೋಕೆ ಕೊಡ್ತಾ ಕೊಡ್ತಾ ಕ್ಯಾಮೆರಾ ಮುಂದೆಯೇ ಇರೋ ಹಾಗೆ ನೋಡ್ಕೊಳ್ತಿದ್ದಾನೆ. ಇದು ಈಗಲೂ ನೋಡೋಕೆ ಸಿಗುತ್ತೆ. ನನಗಿದು ಇಷ್ಟ, ಯಾಕಂದ್ರೆ ಇದರಲ್ಲಿ ಮುಚ್ಚುಮರೆ ಇಲ್ಲ. ಕಂಬಿ ಇದೆ, ಪಾಲಕ ಇದ್ದಾನೆ, ಸಿಂಹಕ್ಕೆ ಬೇಕಾಗಿರೋದು ಊಟ ಅನ್ನೋದೂ ಗೊತ್ತಾಗುತ್ತೆ.

ಆದ್ರೆ ನೋಡೋ ಜನಕ್ಕೆ ಕಂಬಿ ಇಷ್ಟ ಇರಲಿಲ್ಲ. ಇಲ್ಲಿಂದ ಕಥೆ ತಿರುಗುತ್ತೆ.

(4/9)

ಜರ್ಮನಿಯ ಹ್ಯಾಂಬರ್ಗ್. ಕಾರ್ಲ್ ಹಾಗೆನ್‌ಬೆಕ್. ಅಪ್ಪನದ್ದು ಮೀನು ವ್ಯಾಪಾರ. 1848ರಲ್ಲಿ ಮೀನುಗಾರರ ಬಲೆಗೆ ಬಿದ್ದ ಸೀಲ್‌ಗಳನ್ನ ಅಪ್ಪ ತೊಟ್ಟಿಯಲ್ಲಿಟ್ಟು ದುಡ್ಡು ತಗೊಂಡು ತೋರಿಸಿದ್ದೇ ಈ ಮನೆತನದ ಪ್ರಾಣಿ ವ್ಯಾಪಾರದ ಆರಂಭ. ಮಗ ಅದನ್ನ ಜಗತ್ತಿನ ದೊಡ್ಡ ಪ್ರಾಣಿ ವ್ಯಾಪಾರಗಳಲ್ಲಿ ಒಂದಾಗಿ ಬೆಳೆಸಿದ. ಝೂ, ಸರ್ಕಸ್, ರಾಜಮಹಾರಾಜರು, ಎಲ್ಲರೂ ಗಿರಾಕಿಗಳು. ಪ್ರಾಣಿಗಳ ಜೊತೆ ಮನುಷ್ಯರನ್ನೂ ಪ್ರದರ್ಶನಕ್ಕಿಟ್ಟ. 1870ರ ದಶಕದಲ್ಲಿ ಉತ್ತರ ಯುರೋಪಿನ ಸಾಮಿ ಜನ, ಆಮೇಲೆ ಸಿಂಹಳದ ಜನ, ಇನ್ನೂ ಎಷ್ಟೋ ಕಡೆಯವರು. ಈ ಮಾತು ಬಿಟ್ಟು ಅವನ ಕಥೆ ಹೇಳೋದು ನ್ಯಾಯ ಅಲ್ಲ, ಅದಕ್ಕೆ ಹೇಳ್ದೆ.

ಈ ಮನುಷ್ಯನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗಿತ್ತು. ಜನ ನೋಡೋಕೆ ಬರೋದು ಸಿಂಹವನ್ನ, ಕಬ್ಬಿಣವನ್ನಲ್ಲ. ಕಬ್ಬಿಣ ಕಣ್ಣಿಂದ ಮರೆಯಾದ್ರೆ ಟಿಕೆಟ್ ಜಾಸ್ತಿ ಹೋಗುತ್ತೆ. 1896ರಲ್ಲಿ ಅವನು ಒಂದು ಪೇಟೆಂಟ್ ತಗೊಂಡ. ಏನು ಅಂದ್ರೆ, ಕಂಬಿ ಬದಲು ಕಂದಕ. ನೋಡೋ ಜನರ ಕಣ್ಣಿಗೆ ಕಾಣದ ಹಾಗೆ ನೆಲದ ಮಟ್ಟದಿಂದ ಕೆಳಗೆ ಅಗೆದ ಆಳವಾದ ಗುಂಡಿ. 1907ರ ಮೇ ತಿಂಗಳಲ್ಲಿ ಹ್ಯಾಂಬರ್ಗ್ ಪಕ್ಕದ ಸ್ಟೆಲಿಂಗನ್‌ನಲ್ಲಿ ಅವನ ಹೊಸ ಝೂ ಬಾಗಿಲು ತೆಗೀತು.

ಅಲ್ಲಿನ ಆಫ್ರಿಕಾ ಪನೋರಮಾ ಹೇಗಿತ್ತು ಕೇಳಿ. ಎದುರಿಗೆ ಹಕ್ಕಿಗಳ ಕೊಳ. ಅದರ ಹಿಂದೆ ಹುಲ್ಲು ತಿನ್ನೋ ಪ್ರಾಣಿಗಳು. ಅದರ ಹಿಂದೆ ಸಿಂಹಗಳ ಕಣಿವೆ. ಇನ್ನೂ ಹಿಂದೆ ದೊಡ್ಡ ಬಂಡೆಬೆಟ್ಟ, ಅದರ ಮೇಲೆ ಬೆಟ್ಟದ ಮೇಕೆಗಳು. ಸರಿಯಾದ ಜಾಗದಲ್ಲಿ ನಿಂತು ನೋಡಿದ್ರೆ ಎಲ್ಲಾ ಒಂದೇ ಬಯಲಲ್ಲಿ ಇದ್ದ ಹಾಗೆ. ಬಂಡೆ ಕೂಡ ನಿಜದ್ದಲ್ಲ. ಉರ್ಸ್ ಎಗೆನ್‌ಷ್ವೀಲರ್ ಅನ್ನೋ ಸ್ವಿಸ್ ಶಿಲ್ಪಿ ಮಾಡಿದ ಕೃತಕ ಬಂಡೆ. ಕಂದಕ ಎಷ್ಟು ಅಗಲ ಇರಬೇಕು ಅಂತ ತಿಳಿಯೋಕೆ ಪ್ರಾಣಿಗಳು ಎಷ್ಟು ದೂರ, ಎಷ್ಟು ಎತ್ತರ ಹಾರುತ್ತವೆ ಅಂತ ಮೊದಲೇ ಪರೀಕ್ಷೆ ಮಾಡಿದ್ರು.

'ಸರಿಯಾದ ಜಾಗದಲ್ಲಿ ನಿಂತು' ಅಂದೆನಲ್ಲ, ಅದನ್ನ ನೆನಪಿಟ್ಕೊಳ್ಳಿ. ಸ್ವಲ್ಪ ಪಕ್ಕಕ್ಕೆ ಹೋದ್ರೆ, ಮೇಲಿಂದ ನೋಡಿದ್ರೆ ಗುಂಡಿ ಕಾಣುತ್ತೆ. ಇಡೀ ಝೂ ಒಂದು ಫ್ರೇಮ್‌ಗೋಸ್ಕರ ಕಟ್ಟಿದ್ದು. ಕ್ಯಾಮೆರಾ ಎಲ್ಲಿಡಬೇಕು ಅನ್ನೋದನ್ನ ಕಟ್ಟಿದವನೇ ನಿರ್ಧಾರ ಮಾಡಿದ್ದ ಹಾಗಾಯ್ತು. ಪ್ರಾಣಿಗಳಿಗೆ ಇದರಿಂದ ಒಳ್ಳೇದೂ ಆಯ್ತು, ಸುಳ್ಳು ಹೇಳಬಾರದು. ಹಳೇ ಇಕ್ಕಟ್ಟು ಬೋನಿಗಿಂತ ಜಾಗ ಹೆಚ್ಚು, ಬಿಸಿಲು, ಗಾಳಿ. ಮುಂದೆ ಜಗತ್ತಿನ ಝೂಗಳೆಲ್ಲ ಒಂದೊಂದಾಗಿ ಇದೇ ದಾರಿ ಹಿಡಿದವು. ಇವತ್ತು ನೀವು ಕಂಬಿ ಇಲ್ಲದ ಹುಲಿ ಫೋಟೊ ತೆಗೀತೀರಿ ಅಂದ್ರೆ ಅದರಲ್ಲಿ ಅರ್ಧ ಕೆಲಸ ಹಾಗೆನ್‌ಬೆಕ್ ಆಗಲೇ ಮಾಡಿಟ್ಟಿದ್ದಾನೆ.

(5/9)

ಈ ಪೋಸ್ಟ್ ಸ್ವಲ್ಪ ಕಷ್ಟದ್ದು. ಪ್ರಾಣಿಗಳಿಗೆ ನೋವಾಗೋದು ಓದೋಕೆ ಆಗಲ್ಲ ಅನ್ನೋರು ನೇರ ಆರನೆಯದಕ್ಕೆ ಹೋಗಿ.

ಸ್ಟೆಲಿಂಗನ್ ತೆರೆದ ಅದೇ 1907. ಹಾಗೆನ್‌ಬೆಕ್‌ನಿಂದ ಇಬ್ಬರು ಅಲ್ಲ, ಎರಡು ಸಿಂಹ ಡೆನ್ಮಾರ್ಕಿಗೆ ಮಾರಾಟವಾದವು. (ಇಬ್ಬರು ಅಂತಲೇ ಕೈ ಹೋಯ್ತು, ಇರಲಿ.) ಕೊಂಡವರು ಓಲೆ ಓಲ್ಸೆನ್, ಹಿಂದಿನ ವರ್ಷ ನಾರ್ಡಿಸ್ಕ್ ಅನ್ನೋ ಸಿನಿಮಾ ಕಂಪನಿ ಶುರು ಮಾಡಿದ್ದ ಮನುಷ್ಯ. ಅವರಿಗೆ ಬೇಕಾಗಿದ್ದದ್ದು ಆಫ್ರಿಕಾದ ಸಿಂಹ ಬೇಟೆಯ ಸಿನಿಮಾ. ಆಫ್ರಿಕಾಗೆ ಹೋಗಲಿಲ್ಲ. ಡೆನ್ಮಾರ್ಕಿನ ರೋಸ್ಕಿಲ್ಡೆ ಕೊಲ್ಲಿಯಲ್ಲಿರೋ ಎಲ್ಲಿಯೋರೆ ಅನ್ನೋ ಪುಟ್ಟ ದ್ವೀಪಕ್ಕೆ ಸಿಂಹಗಳನ್ನ ಸಾಗಿಸಿದ್ರು. ನಿರ್ದೇಶಕ ವಿಗ್ಗೊ ಲಾರ್ಸೆನ್, ಬೇಟೆಗಾರನ ಪಾತ್ರವೂ ಅವರದ್ದೇ. ನೀರಾನೆ, ಜೀಬ್ರಾ, ಉಷ್ಟ್ರಪಕ್ಷಿ ಬೇಕಿತ್ತಲ್ಲ, ಅದನ್ನ ಕೋಪನ್‌ಹೇಗನ್ ಝೂನಲ್ಲಿ ಶೂಟ್ ಮಾಡಿ ಮಧ್ಯೆ ಮಧ್ಯೆ ಅಂಟಿಸಿದ್ರು. ಅಂದ್ರೆ ನೋಡೋ ಜನಕ್ಕೆ ಎಲ್ಲವೂ ಒಂದೇ ಕಾಡು. ಆ ಕಾಡಿನಲ್ಲಿ ಇದ್ದದ್ದು ಒಂದು ಝೂ, ಒಂದು ವ್ಯಾಪಾರಿಯ ಮಾಲು, ಒಂದು ಡ್ಯಾನಿಶ್ ದ್ವೀಪ.

ಕೊನೆಯ ಬೇಟೆ ದೃಶ್ಯದಲ್ಲಿ ಮಾತ್ರ ನಟನೆ ಇರಲಿಲ್ಲ. ಎರಡು ಸಿಂಹಗಳನ್ನೂ ಕ್ಯಾಮೆರಾ ಮುಂದೆ ನಿಜವಾಗಿ ಗುಂಡಿಟ್ಟು ಕೊಂದ್ರು.

ಪ್ರಾಣಿದಯೆಯ ಜನ ಮೊದಲೇ ದೂರು ಕೊಟ್ಟಿದ್ರು. ನ್ಯಾಯಮಂತ್ರಿ ಆಲ್ಬರ್ಟಿ ಚಿತ್ರೀಕರಣ ಬೇಡ ಅಂತ ತಡೆ ಹಾಕಿದ್ರು. ಆದ್ರೂ ಶೂಟಿಂಗ್ ನಡೀತು. ಡೆನ್ಮಾರ್ಕಿನಲ್ಲಿ ಪ್ರದರ್ಶನ ನಿಂತಿತು, ಹೊರದೇಶಗಳಲ್ಲಿ ಓಡಿತು. ಒಟ್ಟು 259 ಪ್ರಿಂಟ್ ಮಾರಾಟ, ಆ ಕಾಲಕ್ಕೆ ಭಾರಿ ಹಿಟ್. ಆಮೇಲೆ ನಡೆದದ್ದು ಸಿನಿಮಾಗಿಂತ ಸಿನಿಮಾ. 1908ರಲ್ಲಿ ಅದೇ ಆಲ್ಬರ್ಟಿ ದೊಡ್ಡ ಹಣಕಾಸು ವಂಚನೆಯಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋದ್ರು. ವರ್ಷ ಮುಗಿಯೋ ಮೊದಲು ಸಿನಿಮಾ ಡೆನ್ಮಾರ್ಕಿನಲ್ಲೂ ಬಿಡುಗಡೆಯಾಯ್ತು.

ನಮ್ಮ ಕಾಸ್ಟ್ ಅಕೌಂಟಿಂಗ್ ಕ್ಲಾಸಿನ ಲೆಕ್ಕದಲ್ಲಿ ಇದನ್ನ ಬರೆದ್ರೆ ಆ ಎರಡು ಸಿಂಹಗಳು 'ಕಚ್ಚಾ ಸಾಮಗ್ರಿ' ಅನ್ನೋ ಸಾಲಿಗೆ ಹೋಗುತ್ತವೆ. ಒಂದೇ ಸಲದ ಖರ್ಚು, 259 ಸಲದ ಆದಾಯ. ಲಾಭದ ಕಡೆಯಿಂದ ನೋಡಿದ್ರೆ ಅದ್ಭುತ ಪ್ರಾಜೆಕ್ಟ್. ಲೆಕ್ಕದ ಪುಸ್ತಕದಲ್ಲಿ ಎಲ್ಲೂ ತಪ್ಪು ಕಾಣಲ್ಲ, ಅದೇ ನನ್ನನ್ನ ಕಾಡೋದು.

(6/9)

ಡೆನ್ಮಾರ್ಕ್ ಮಾತ್ರ ಅಂದ್ಕೋಬೇಡಿ. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆಫ್ರಿಕಾಗೆ ಬೇಟೆಗೆ ಹೋದ್ರು. ಷಿಕಾಗೋದ ವಿಲಿಯಂ ಸೀಲಿಗ್ ತನ್ನ ಸ್ಟುಡಿಯೋದಲ್ಲೇ ಕಾಡಿನ ಸೆಟ್ ಹಾಕಿ, ರೂಸ್‌ವೆಲ್ಟ್ ಥರ ಕಾಣೋ ನಟನನ್ನ ನಿಲ್ಲಿಸಿ, ಒಂದು ವಯಸ್ಸಾದ ಸಿಂಹ ಕೊಂಡು ತಂದು ಅದನ್ನ ಕ್ಯಾಮೆರಾ ಮುಂದೆ ಕೊಲ್ಲಿಸಿದ. ಜನ ಸಾಲುಗಟ್ಟಿ ನೋಡಿದ್ರು.

ಕಂಬಿ ಇದ್ದ ಸಿಂಹದ ಫೋಟೊ ನೋಡಿದವನಿಗೆ ಇದು ಬಂಧನದಲ್ಲಿರೋ ಪ್ರಾಣಿ ಅಂತ ಗೊತ್ತು. ಕಂಬಿ ತೆಗೆದ ಕೂಡಲೇ ಆ ಮಾಹಿತಿ ಹೋಯ್ತು. ಸಿಂಹ ಬಿಡುಗಡೆ ಆಗಲಿಲ್ಲ, ನೋಡುವವನ ತಿಳಿವಳಿಕೆ ಮಾತ್ರ ಕಡಿಮೆ ಆಯ್ತು.

ಇದು ಹಳೇ ಕಾಲದ ಚಾಳಿ ಅಂತ ಬಿಡೋ ಹಾಗೂ ಇಲ್ಲ. ಬೆಕ್ಕಿನ ಜಾತಿ ಬಿಟ್ಟು ಒಂದು ಉದಾಹರಣೆ ಕೊಡ್ತೀನಿ. ಜಗತ್ತಿನ ದೊಡ್ಡ ವನ್ಯಜೀವಿ ಫೋಟೊ ಸ್ಪರ್ಧೆಯೊಂದರಲ್ಲಿ 2009ರಲ್ಲಿ ಗೇಟು ಹಾರೋ ತೋಳದ ಫೋಟೊ ಗೆದ್ದಿತ್ತು. ಅದು ಕಾಡಿನ ತೋಳ ಅಲ್ಲ, ಪಳಗಿಸಿದ ತೋಳ ಇರಬಹುದು ಅಂತ ತೀರ್ಪುಗಾರರು ನಿರ್ಧರಿಸಿ 2010ರಲ್ಲಿ ಬಹುಮಾನ ವಾಪಸ್ ತಗೊಂಡ್ರು. ಫೋಟೊಗ್ರಾಫರ್ ಮಾತ್ರ ಅದನ್ನ ಒಪ್ಪಲಿಲ್ಲ. ಫೋಟೊ ಅದೇ, ಬೆಳಕು ಅದೇ. ಬದಲಾದದ್ದು ತೋಳ ಎಲ್ಲಿಂದ ಬಂತು ಅನ್ನೋ ಒಂದು ಸಾಲು.

(7/9)

ಹಾಗಾದ್ರೆ ಕಾಡಿನ ಹುಲಿಯ ಫೋಟೊ ಯಾವಾಗ ಬಂತು? ಇದನ್ನ ಕೇಳಿ ನನಗೇ ಆಶ್ಚರ್ಯ ಆಗಿತ್ತು. 1925.

ಎಫ್. ಡಬ್ಲ್ಯೂ. ಚಾಂಪಿಯನ್, ಬ್ರಿಟಿಷ್ ಇಂಡಿಯಾದ ಅರಣ್ಯ ಅಧಿಕಾರಿ, ಈಗಿನ ಉತ್ತರಾಖಂಡ-ಉತ್ತರ ಪ್ರದೇಶದ ಹಿಮಾಲಯದ ತಪ್ಪಲಿನ ಕಾಡುಗಳಲ್ಲಿ ಕೆಲಸ. ಸುತ್ತಲಿನ ಅಧಿಕಾರಿಗಳೆಲ್ಲ ಬಂದೂಕು ಹಿಡಿದಿದ್ರೆ ಇವರು ಕ್ಯಾಮೆರಾ ಹಿಡಿದ್ರು. ಹುಲಿ ಓಡಾಡೋ ದಾರಿಗೆ ಅಡ್ಡಲಾಗಿ ಸಣ್ಣ ತಂತಿ ಕಟ್ಟೋದು, ರಾತ್ರಿ ಹುಲಿಯ ಕಾಲು ತಾಗಿದ್ರೆ ಫ್ಲಾಶ್ ಹೊತ್ತಿ ಫೋಟೊ ತೆಗೆಯೋದು. ಅಂದ್ರೆ ಹುಲಿ ತೆಗೆದ ಸೆಲ್ಫಿ! ವರ್ಷಗಟ್ಟಲೆ ಒದ್ದಾಡಿದ ಮೇಲೆ 1925ರ ಅಕ್ಟೋಬರಿನಲ್ಲಿ ಆ ಫೋಟೊಗಳು ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದವು. 1927ರಲ್ಲಿ ಪುಸ್ತಕ ಆಯ್ತು. ಜಿಮ್ ಕಾರ್ಬೆಟ್ ಬಂದೂಕು ಕೆಳಗಿಟ್ಟು ಕ್ಯಾಮೆರಾ ಹಿಡಿಯೋಕೆ ಚಾಂಪಿಯನ್ ಪ್ರಭಾವವೂ ಒಂದು ಕಾರಣ. ಇವತ್ತು ಬಂಡೀಪುರ, ನಾಗರಹೊಳೆಯಲ್ಲಿ ಹುಲಿ ಎಣಿಸೋಕೆ ಇಡೋ ಕ್ಯಾಮೆರಾ ಟ್ರ್ಯಾಪ್ ಇದೆಯಲ್ಲ, ಅದರ ಅಜ್ಜ ಈ ತಂತಿ.

ಈಗ ಲೆಕ್ಕ ಹಾಕಿ. ಫೋಟೊಗ್ರಫಿ ಜಗತ್ತಿಗೆ ಪರಿಚಯವಾದದ್ದು 1839ರಲ್ಲಿ. ಅಲ್ಲಿಂದ 1925ರವರೆಗೆ 86 ವರ್ಷ. ಅಷ್ಟು ವರ್ಷ ಜಗತ್ತು ಫೋಟೊದಲ್ಲಿ ನೋಡಿದ ಜೀವಂತ ಹುಲಿ ಹೆಚ್ಚುಕಮ್ಮಿ ಎಲ್ಲಾ ಝೂ, ಸರ್ಕಸ್, ಅರಮನೆಯ ಹುಲಿಗಳೇ. ಹುಲಿ ಅಂದ್ರೆ ಹೀಗೆ ನಿಲ್ಲುತ್ತೆ, ಹೀಗೆ ನೋಡುತ್ತೆ ಅನ್ನೋ ಚಿತ್ರ ಜನರ ತಲೆಯಲ್ಲಿ ಕೂತದ್ದು ಬೋನಿನ ಹುಲಿಯಿಂದ.

ಅದೇ 1925ರಲ್ಲಿ ಇನ್ನೊಂದು ಫೋಟೊ ಆಯ್ತು. ಮಾರ್ಸೆಲಾನ್ ಫ್ಲಾಂಡ್ರಾನ್ ಅನ್ನೋರು ಕಾಸಾಬ್ಲಾಂಕಾದಿಂದ ಡಕಾರ್ ಕಡೆಗೆ ಹೋಗೋ ವಿಮಾನದಿಂದ ಮೊರಾಕೊದ ಅಟ್ಲಾಸ್ ಬೆಟ್ಟದಲ್ಲಿ ಒಂಟಿಯಾಗಿ ನಡೀತಿದ್ದ ಸಿಂಹವನ್ನ ಕ್ಲಿಕ್ ಮಾಡಿದ್ರು. ಮರಳಿನ ಮೇಲೆ ಒಂದು ಸಣ್ಣ ಆಕಾರ, ಪಕ್ಕದಲ್ಲಿ ಹೆಜ್ಜೆಗಳ ಸಾಲು. ಉತ್ತರ ಆಫ್ರಿಕಾದ ಬಾರ್ಬರಿ ಸಿಂಹವನ್ನ ಕಾಡಿನಲ್ಲಿ ತೆಗೆದ ಕೊನೆಯ ಫೋಟೊ ಅಂತ ಅದನ್ನ ಹೇಳ್ತಾರೆ. ಒಂದು ಕಡೆ ಕಾಡಿನ ಹುಲಿ ಮೊದಲ ಸಲ ಸಿಕ್ಕಿತು, ಇನ್ನೊಂದು ಕಡೆ ಬಾರ್ಬರಿ ಸಿಂಹ ಕೊನೆಯ ಸಲ.

ಇಲ್ಲಿ ಝೂ ಫೋಟೊ ಪರವಾಗಿಯೂ ಒಂದು ಮಾತು ಹೇಳ್ಬೇಕು. ಕ್ಯಾಸ್ಪಿಯನ್ ಸಮುದ್ರದ ಸುತ್ತಮುತ್ತ, ಇರಾನಿನಿಂದ ಮಧ್ಯ ಏಷ್ಯಾದವರೆಗೆ ಒಂದು ಹುಲಿ ಇತ್ತು. 20ನೇ ಶತಮಾನದಲ್ಲಿ ಪೂರ್ತಿ ಹೋಯ್ತು. ಅದು ಜೀವಂತವಾಗಿ ಹೇಗಿತ್ತು ಅಂತ ಹುಡುಕಿದ್ರೆ ಮೊದಲು ಎದುರಾಗೋದು 1899ರಲ್ಲಿ ಬರ್ಲಿನ್ ಝೂನಲ್ಲಿ ತೆಗೆದ ಒಂದು ಫೋಟೊ. ಜಾವಾದ ಹುಲಿಯೂ ಇಲ್ಲ ಈಗ. ಅದರದ್ದೂ ಲಂಡನ್ ಝೂನ ಫೋಟೊ ಉಳಿದಿದೆ. ಯಾರೋ ಟಿಕೆಟ್ ತಗೊಂಡು, ಕ್ಯಾಮೆರಾ ಹೊತ್ಕೊಂಡು ಹೋಗಿ ತೆಗೆದದ್ದಕ್ಕೆ ಅಷ್ಟಾದ್ರೂ ಇದೆ. ಅಂಥ ಫೋಟೊಗೆ ಬೆಲೆ ಬರೋದು ಎಲ್ಲಿ, ಯಾವಾಗ, ಯಾವ ಝೂ ಅಂತ ಬರೆದಿಟ್ಟಿರೋದ್ರಿಂದ. 'ಕಾಡಿನ ರಾಜ' ಅಂತ ಮಾತ್ರ ಬರೆದಿದ್ದಿದ್ರೆ ಅದು ಯಾವ ಹುಲಿ ಅಂತಲೂ ತಿಳೀತಿರಲಿಲ್ಲ.

(8/9)

ಕಂಬಿ ಬಿಟ್ಟು ಈಗ ಬಣ್ಣಕ್ಕೆ ಬರೋಣ. ಯಾವ ಝೂಗೆ ಬೇಕಾದ್ರೂ ಹೋಗಿ, ಬಿಳಿ ಹುಲಿ ಇದ್ರೆ ಫೋನುಗಳೆಲ್ಲ ಆ ಕಡೆಗೇ ಎದ್ದಿರುತ್ತೆ.

1951ರ ಮೇ ತಿಂಗಳು, ಈಗಿನ ಮಧ್ಯಪ್ರದೇಶದ ರೇವಾ. ಮಹಾರಾಜ ಮಾರ್ತಾಂಡ ಸಿಂಗ್ ಅವರ ಕೈಗೆ ಒಂದು ಬಿಳಿ ಗಂಡು ಮರಿ ಸಿಕ್ಕಿತು. ತಾಯಿ ಮತ್ತು ಜೊತೆಯ ಮರಿಗಳು ಬೇಟೆಯಲ್ಲಿ ಸತ್ತಿದ್ದವು. ಮರಿಗೆ ಮೋಹನ್ ಅಂತ ಹೆಸರಿಟ್ಟು ಗೋವಿಂದಗಢದ ಅರಮನೆಯಲ್ಲಿ ಸಾಕಿದ್ರು. ದೊಡ್ಡದಾದ ಮೇಲೆ ಬೇಗಂ ಅನ್ನೋ ಮಾಮೂಲಿ ಬಣ್ಣದ ಹೆಣ್ಣುಹುಲಿ ಜೊತೆ ಬಿಟ್ರು. ಹುಟ್ಟಿದ ಮರಿಗಳೆಲ್ಲ ಮಾಮೂಲಿ ಕೇಸರಿ ಬಣ್ಣ. ಬಿಳಿ ಬೇಕಲ್ಲ? ಅದಕ್ಕೆ ಮೋಹನನ ಮಗಳು ರಾಧಾಳನ್ನೇ ಮೋಹನನ ಜೊತೆ ಬಿಟ್ರು. 1958ರ ಅಕ್ಟೋಬರಿನಲ್ಲಿ ನಾಲ್ಕು ಬಿಳಿ ಮರಿ ಹುಟ್ಟಿದವು. ಅಪ್ಪ-ಮಗಳ ಮರಿಗಳು.

ಆ ನಾಲ್ಕರಲ್ಲಿ ಒಂದು ಮೋಹಿನಿ. ಅಮೆರಿಕದ ಉದ್ಯಮಿ ಜಾನ್ ಕ್ಲೂಗಿ 10,000 ಡಾಲರ್ ಕೊಟ್ಟು ಕೊಂಡು ಅಲ್ಲಿನ ಮಕ್ಕಳಿಗೆ ಉಡುಗೊರೆ ಅಂತ ವಾಷಿಂಗ್ಟನ್ ಝೂಗೆ ಕೊಟ್ರು. 1960ರ ಡಿಸೆಂಬರಿನಲ್ಲಿ ಶ್ವೇತಭವನದ ಅಂಗಳದಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಎದುರು ಮೋಹಿನಿ, ಸುತ್ತ ಕ್ಯಾಮೆರಾಗಳು. ಆ ಫೋಟೊದಲ್ಲಿ ಬೋನು ಕಾಣುತ್ತೆ, ಅದೇನೋ ಸರಿ. ಕಾಣದೇ ಇರೋದು ವಂಶವೃಕ್ಷ. ಮುಂದೆ ಅಲ್ಲೂ ಬಿಳಿ ಮರಿಗಾಗಿ ಮೋಹಿನಿಯನ್ನ ಹತ್ತಿರದ ರಕ್ತಸಂಬಂಧದ ಹುಲಿ ಜೊತೆಗೇ ಬಿಟ್ರು. ಇವತ್ತು ಜಗತ್ತಿನ ಝೂಗಳಲ್ಲಿ ಇರೋ ಬಹುಪಾಲು ಬಿಳಿ ಹುಲಿಗಳ ಮೂಲ ಹುಡುಕಿದ್ರೆ ಮೋಹನನಿಗೇ ಹೋಗಿ ನಿಲ್ಲುತ್ತೆ.

ಬಿಳಿ ಹುಲಿಗಳಲ್ಲಿ ಮೆಳ್ಳೆಗಣ್ಣು ಜಾಸ್ತಿ. ಬಿಳಿ ಬಣ್ಣ ತರೋ ಅದೇ ಜೀನಿನ ಜೊತೆಗೆ ಕಣ್ಣಿನಿಂದ ಮೆದುಳಿಗೆ ಹೋಗೋ ನರದ ಸಂಪರ್ಕವೂ ತಪ್ಪಾಗುತ್ತೆ. ನಾವು ನೀಲಿ ಕಣ್ಣು ಎಷ್ಟು ಚಂದ ಅಂತ ಝೂಮ್ ಮಾಡ್ತೀವಲ್ಲ, ಇನ್ನೊಂದು ಸಲ ಝೂಮ್ ಮಾಡಿ ಎರಡೂ ಕಣ್ಣು ಒಂದೇ ಕಡೆ ನೋಡ್ತಿವೆಯಾ ಅಂತ ನೋಡಿ. ಅಮೆರಿಕದ ಝೂಗಳ ಒಕ್ಕೂಟ 2011ರಲ್ಲಿ ತನ್ನ ಸದಸ್ಯ ಝೂಗಳಿಗೆ ಬಿಳಿ ಹುಲಿ ಹುಟ್ಟಿಸೋಕಂತಲೇ ಮರಿ ಮಾಡಿಸೋದು ಬೇಡ ಅಂತ ಹೇಳಿತು. ಬೇಡಿಕೆ ಮಾತ್ರ ಕಮ್ಮಿ ಆಗಿಲ್ಲ. ಬಿಳಿ ಹುಲಿ ಬೇಕು ಅಂದವರಲ್ಲಿ ನಮ್ಮ ಕ್ಯಾಮೆರಾಗಳೂ ಇವೆ.

(9/9)

ಕೊನೆಗೆ ನಮ್ಮೂರಿಗೆ. ಮೈಸೂರು ಝೂ ಶುರುವಾದದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ. ಅಂದ್ರೆ ಹಾಗೆನ್‌ಬೆಕ್ ಕಂದಕದ ಪೇಟೆಂಟ್ ತಗೊಳ್ಳೋಕೆ ನಾಲ್ಕು ವರ್ಷ ಮೊದಲು, ಪ್ರೋಮಿಯೋ ಸಿಂಹದ ಸಿನಿಮಾ ತೆಗೆಯೋಕೂ ನಾಲ್ಕು ವರ್ಷ ಮೊದಲು. ಈಗ ಅಲ್ಲಿ ಹುಲಿ, ಸಿಂಹದ ಆವರಣಗಳ ಮುಂದೆ ಕಂದಕ ಇದೆ, ಗಿಡಮರ ಇದೆ. ಫೋಟೊ ಸುಲಭ.

ಜಾಲರಿ ಇರೋ ಕಡೆ ಏನು ಮಾಡೋದು ಅಂತ ತುಂಬಾ ಜನ ಡಿಎಂನಲ್ಲಿ ಕೇಳಿದ್ರಿ, ಹೇಳ್ತೀನಿ. ಬೇಲಿ ದಾಟದೆ, ಅನುಮತಿ ಇರೋ ಜಾಗದಿಂದಲೇ ಲೆನ್ಸನ್ನ ಆದಷ್ಟು ಜಾಲರಿಗೆ ಹತ್ತಿರ ಹಿಡೀರಿ. ಕ್ಯಾಮೆರಾ ಇದ್ರೆ ಅಪರ್ಚರ್ ದೊಡ್ಡದು ಮಾಡಿ, ಅಂದ್ರೆ ಎಫ್ ನಂಬರ್ ಸಣ್ಣದು. ಹುಲಿ ಜಾಲರಿಯಿಂದ ಹಿಂದೆ ಹೋಗೋವರೆಗೆ ಕಾಯಿರಿ. ಜಾಲರಿ ಮೇಲೆ ಬಿಸಿಲು ಬೀಳ್ತಿದ್ರೆ ನೆರಳಿರೋ ಕಡೆಯಿಂದ ತೆಗೀರಿ. ತಂತಿ ಮಸುಕಾಗಿ ಕರಗಿ ಹೋಗುತ್ತೆ. ಗಾಜಿದ್ರೆ ಲೆನ್ಸ್ ಗಾಜಿಗೆ ತಾಗಿಸಿ, ಸುತ್ತ ಕೈಯೋ ಕಪ್ಪು ಬಟ್ಟೆಯೋ ಮುಚ್ಚಿ, ನಿಮ್ಮದೇ ಮುಖದ ಪ್ರತಿಬಿಂಬ ಹೋಗುತ್ತೆ. ಫ್ಲಾಶ್ ಆಫ್. ಕೂಗೋದು, ಸಿಳ್ಳೆ ಹೊಡೆಯೋದು ಬೇಡ್ವೇ ಬೇಡ, ಮಲಗಿರೋ ಸಿಂಹಕ್ಕೆ ನಿಮ್ಮ ರೀಲಿನಿಂದ ಏನೂ ಆಗಬೇಕಾಗಿಲ್ಲ.

ಬನ್ನೇರುಘಟ್ಟದಲ್ಲಿ ಇನ್ನೊಂದು ಥರ. ಸಫಾರಿ ಬಸ್ಸಿನ ಕಿಟಕಿಗೆ ಜಾಲರಿ ಇರುತ್ತೆ, ಒಳಗೆ ನಾವು, ಹೊರಗೆ ಸಿಂಹ. ಮೊಂತಿಜೋನ್ ತೆಗೆದ ನೀರಾನೆ ಫೋಟೊ ಥರಾನೇ. ನೋಡೋಕೆ ಕಾಡು ಅನ್ಸುತ್ತೆ. ಆದ್ರೆ ಈ ಪಾರ್ಕಿನ ಪುನರ್ವಸತಿ ಕೇಂದ್ರಕ್ಕೆ ಸರ್ಕಸ್ಸಿನಿಂದ ಬಿಡಿಸಿ ತಂದ ಹುಲಿ, ಸಿಂಹಗಳೂ ಬಂದಿವೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1998ರಲ್ಲಿ ಕೇಂದ್ರ ಸರ್ಕಾರ ಸರ್ಕಸ್ಸಿನಲ್ಲಿ ಹುಲಿ, ಸಿಂಹ, ಚಿರತೆ, ಕರಡಿ, ಕೋತಿ ಆಡಿಸೋದನ್ನ ನಿಷೇಧ ಮಾಡಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು. ಸರ್ಕಸ್ ಸಿಂಹಗಳಲ್ಲಿ ಎಷ್ಟೋ ಏಷ್ಯಾ ಮತ್ತು ಆಫ್ರಿಕಾ ಸಿಂಹಗಳ ಮಿಶ್ರತಳಿ. ಗಿರ್ ಕಾಡಿಗೂ ಬಿಡೋ ಹಾಗಿಲ್ಲ, ಆಫ್ರಿಕಾಗೂ ಕಳಿಸೋ ಹಾಗಿಲ್ಲ. ಬೆಂಕಿಯ ಬಳೆ ಹಾರಿ, ಸ್ಟೂಲಿನ ಮೇಲೆ ಕೂತು ವಯಸ್ಸು ಕಳೆದವು. ನಮ್ಮ ಕ್ಯಾಪ್ಷನ್ನಿನಲ್ಲಿ ಮಾತ್ರ ಅವಕ್ಕೂ 'ಕಾಡಿನ ರಾಜ' ಅನ್ನೋ ಪಟ್ಟ ಸಿಗುತ್ತೆ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಮನೆಯಲ್ಲಿ ಹಳೇ ಆಲ್ಬಮ್ ಇದ್ರೆ ತೆಗೀರಿ. ಅಜ್ಜಿ-ತಾತ ಮದುವೆ ಆದ ಹೊಸದರಲ್ಲಿ, ಅಪ್ಪ-ಅಮ್ಮ ಸ್ಕೂಲ್ ಪ್ರವಾಸದಲ್ಲಿ ಮೈಸೂರು ಝೂಗೆ ಹೋದಾಗಿನ ಫೋಟೊ ಸಿಗಬಹುದು. ಹುಲಿ ಮಸುಕಾಗಿದ್ರೂ ಪರವಾಗಿಲ್ಲ, ಕಂಬಿ ಕಾಣ್ತಿರಬೇಕು. ಹಿಂದೆ ಪೆನ್ಸಿಲ್‌ನಲ್ಲಿ ಇಸವಿ ಬರೆದಿದ್ರೆ ಅದರದ್ದೂ ಒಂದು ಫೋಟೊ ತೆಗೆದು ಕಳಿಸಿ. ಮನೆಯವರನ್ನ ಕೇಳಿಯೇ ಕಳಿಸಿ, ಮುಖ ಬೇಡ ಅಂದ್ರೆ ಮುಚ್ಚಿ ಹಾಕ್ತೀನಿ. ಇಂಟರ್ನಲ್ಸ್ ಮುಗಿದ ಮೇಲೆ ಎಲ್ಲಾ ಸೇರಿಸಿ, ಕ್ರಾಪ್ ಮಾಡದೆ, ಒಂದು ಪೋಸ್ಟ್ ಹಾಕೋಣ.

#ಮೈಸೂರುಝೂ #ಹುಲಿ #ಸಿಂಹ #ಫೋಟೊಹಿಸ್ಟರಿ #ಕನ್ನಡದಲ್ಲಿಇತಿಹಾಸ